ಬೆಲ್ಲಕ್ಕೆ ಇಂಗ್ಲಿಷಿನಲ್ಲಿ ಜಾಗರಿ ಅಂತ ಯಾಕೆ ಹೇಳುತ್ತಾರೆ?

ಪಾಂಡವಪುರದ ಆಲೆಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಪಾಂಡವಪುರದ ಹತ್ತಿರ ಒಂದು ಆಲೆಮನೆ. ಈ ಸಲ ಅಚ್ಚುಬೆಲ್ಲವನ್ನು ಪ್ಯಾಕೆಟ್ ಮಾಡಿ ಮೈಸೂರಿನ ಅಂಗಡಿಗಳಿಗೆ ಕೊಡೋಣ ಅಂತ ಲೇಬಲ್ ಬರೆಸುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಏಳನೇ ಕ್ಲಾಸಿನ ಮಗಳು, "ಅಪ್ಪಾ, ಬೆಲ್ಲಕ್ಕೂ ಜಾಗರಿಗೂ ಒಂದಕ್ಷರವೂ ಹೊಂದಲ್ಲ, ಈ ಪದ ಎಲ್ಲಿಂದ ಬಂತು?" ಅಂದಳು. ನನಗೆ ಉತ್ತರ ಗೊತ್ತಾಗಲಿಲ್ಲ. ಇಂಗ್ಲೆಂಡಿನಲ್ಲಿ ಯಾರೂ ಕೊಪ್ಪರಿಗೆ ಇಟ್ಟು ಕಬ್ಬಿನ ಹಾಲು ಕಾಯಿಸುವುದಿಲ್ಲ, ಹಾಗಿದ್ದ ಮೇಲೆ ಅದು ಅವರದೇ ಪದ ಹೇಗಾಗುತ್ತದೆ? ತಿಳಿದವರು ಹೇಳಿ. ಲೇಬಲ್ ಹಿಂದೆ ಎರಡು ಸಾಲು ಹಾಕಿಸುವ ಆಸೆಯೂ ಇದೆ.

ಸರಸ್ವತಿಪುರಂ ಮೇಷ್ಟ್ರು:
ಮಗು ಒಳ್ಳೆ ಪ್ರಶ್ನೆ ಕೇಳಿದೆ. ಜಾಗರಿ ನಮ್ಮ ಕಡೆಯ ಪದವೇ, ಆದರೆ ಅದರ ನಂಟು ಬೆಲ್ಲದ ಜೊತೆ ಅಲ್ಲ, ಸಕ್ಕರೆಯ ಜೊತೆ. ಸಂಸ್ಕೃತದ ಶರ್ಕರಾ ನಮ್ಮಲ್ಲಿ ಸಕ್ಕರೆ ಆಯಿತು, ಮಲಯಾಳದಲ್ಲಿ ಚಕ್ಕರ ಆಯಿತು. ಮಲಯಾಳದಲ್ಲಿ ಚಕ್ಕರ ಅಂದರೂ ಶರ್ಕರ ಅಂದರೂ ಬೆಲ್ಲವೇ! ಇವತ್ತಿಗೂ ಕೇರಳದ ಅಂಗಡಿಯಲ್ಲಿ ಶರ್ಕರ ಕೇಳಿದರೆ ಬೆಲ್ಲ ಕೊಡುತ್ತಾರೆ. ವಾಸ್ಕೋ ಡ ಗಾಮ 1498ರಲ್ಲಿ ಬಂದು ಇಳಿದದ್ದು ಕೋಳಿಕ್ಕೋಡಿನ ಹತ್ತಿರ ಅಲ್ವಾ, ಅವನ ಹಿಂದೆ ಬಂದ ಪೋರ್ಚುಗೀಸರು ಆ ಕರಾವಳಿಯಲ್ಲಿ ಕೇಳಿದ ಚಕ್ಕರವನ್ನು ತಮ್ಮ ನಾಲಿಗೆಗೆ ತಕ್ಕಂತೆ ಜಾಗರ ಮಾಡಿಕೊಂಡರು. ಅವರ ಬಾಯಿಂದ ಇಂಗ್ಲಿಷಿಗೆ ಹೋಯಿತು. ಬೆಲ್ಲ ಅನ್ನುವ ನಮ್ಮ ಪದ ಹಡಗು ಹತ್ತಲೇ ಇಲ್ಲ.

ಮದ್ದೂರು ಹುಡುಗಿ:
ಮೇಷ್ಟ್ರೇ, ಇದಕ್ಕೆ ಒಂದು ಸೇರಿಸುತ್ತೇನೆ. ಶುಗರ್ ಕೂಡ ಅದೇ ಶರ್ಕರಾ. ಪರ್ಷಿಯಾದಲ್ಲಿ ಶಕರ್, ಅರಬರಲ್ಲಿ ಸುಕ್ಕರ್, ಆಮೇಲೆ ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷ್ ಸೇರಿತು. ಅಂದರೆ ಶುಗರ್, ಜಾಗರಿ ಅಕ್ಕತಂಗಿಯರು, ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಒಂದೇ ಮನೆಗೆ ಹೋದರು. ಕ್ಯಾಂಡಿ ಕೂಡ ನಮ್ಮ ಖಂಡವೇ, ತುಂಡು ಅಂತ ಅರ್ಥ, ಮಂಡ್ಯದವರಿಗೆ ಖಂಡಸಾರಿ ಸಕ್ಕರೆ ಗೊತ್ತಿರುತ್ತದಲ್ಲ, ಅದರಲ್ಲಿರುವುದೂ ಇದೇ ಪದ. ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು. ಸಂಸ್ಕೃತದಲ್ಲಿ ಶರ್ಕರಾ ಅಂದರೆ ಮೊದಲು ಸಣ್ಣ ಕಲ್ಲು, ಗರಸು. ಸಕ್ಕರೆಯ ಹರಳು ಹಾಗೇ ಕಂಡಿದ್ದಕ್ಕೆ ಆ ಹೆಸರು ಬಂತು. ಅಂದರೆ ನಾವು ಕಲ್ಲುಸಕ್ಕರೆ ಅಂದಾಗಲೆಲ್ಲ ಕಲ್ಲನ್ನು ಎರಡು ಸಲ ಹೇಳುತ್ತಿದ್ದೇವೆ!

ಅಗ್ರಹಾರದ ಎಲೆ ಅಂಗಡಿ:
ಹಾಗಾದರೆ ಲೇಬಲ್ ಮೇಲೆ ಧೈರ್ಯವಾಗಿ ಹಾಕಿ ಅಣ್ಣ, ಜಾಗರಿ ಕನ್ನಡದ ಪದ ಅಂತ. ನಮ್ಮ ಅಡಕೆ ಇಂಗ್ಲಿಷಿನಲ್ಲಿ ಅರಿಕಾ ಆಗಿರುವುದೂ ಹೀಗೇ ಅಲ್ವಾ?

ಸರಸ್ವತಿಪುರಂ ಮೇಷ್ಟ್ರು:
ಬೇಡಪ್ಪ, ಹಾಗೆ ಹಾಕುವುದು ಸರಿಯಲ್ಲ. ಅರಿಕಾ, ವೀಳ್ಯದೆಲೆಗೆ ಹೇಳುವ ಬೀಟಲ್ ಎರಡೂ ಮಲಯಾಳದಿಂದ ಪೋರ್ಚುಗೀಸರ ಮೂಲಕವೇ ಹೋದ ಪದಗಳು, ಅಡಯ್ಕ ಮತ್ತು ವೆಟ್ಟಿಲ. ನಮ್ಮ ಅಡಕೆ ಅವರ ಅಡಯ್ಕದ ಬಳಗ, ಅಷ್ಟು ಹೇಳಬಹುದು. ನೀನು ಮಾರುವ ಮೈಸೂರು ಚಿಗುರೆಲೆಗೆ ಅದರದೇ ಹೆಸರಿದೆ. ಬೇರೆಯವರ ಪದ ಕಿತ್ತುಕೊಂಡು ಅದಕ್ಕೆ ಮರ್ಯಾದೆ ತರಬೇಕಿಲ್ಲ.

ಪಾಂಡವಪುರದ ಆಲೆಮನೆ:
ಎಲ್ಲರಿಗೂ ಧನ್ಯವಾದ. ಮಗಳಿಗೆ ಓದಿ ಹೇಳಿದೆ. ಕಲ್ಲುಸಕ್ಕರೆ ವಿಷಯ ಕೇಳಿ ಅಡುಗೆಮನೆಗೆ ಓಡಿ ಡಬ್ಬಿ ತಂದು ಹರಳು ನೋಡುತ್ತಾ ಕೂತಿದ್ದಾಳೆ. ಲೇಬಲ್ ಮುಂದೆ ಬೆಲ್ಲ ಅಂತ ದಪ್ಪಕ್ಷರದಲ್ಲಿ, ಕೆಳಗೆ ಜಾಗರಿ ಅಂತ ಸಣ್ಣದಾಗಿ ಹಾಕಿಸುತ್ತೇನೆ. ಹಿಂದೆ ಚಕ್ಕರದ ಕಥೆ.