ಅಪ್‌ಡೇಟ್: ಮಗಳ ಜೊತೆ ಸೈಕಾನ್‌ಗೆ ಹೋಗಿ ಬಂದೆ

ಹೋದ ತಿಂಗಳು ಕೇಳಿದ್ದೆನಲ್ಲ, ಲಾಸ್ ವೇಗಸ್‌ನ ಸೈಕಾನ್ ಸಮ್ಮೇಳನಕ್ಕೆ (ಪವಾಡ, ಅತೀಂದ್ರಿಯ ಶಕ್ತಿ ಅನ್ನುವುದನ್ನೆಲ್ಲ ಪ್ರಶ್ನಿಸಿ ನೋಡುವವರ ಸಭೆ) 14 ವರ್ಷದ ಮಗಳನ್ನು ಕರೆದುಕೊಂಡು ಹೋದರೆ ಅವಳಿಗೆ ಬೇಜಾರಾಗುತ್ತಾ ಅಂತ? ಹೋಗಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ಒಂದು ನಿಮಿಷವೂ ಬೇಜಾರಾಗಲಿಲ್ಲ.

ಭಾಷಣಗಳು ಚೆನ್ನಾಗಿದ್ದವು. ಆದರೆ ಮನಸ್ಸಲ್ಲಿ ನಿಂತಿದ್ದು ಊಟದ ಬಿಡುವಿನಲ್ಲಿ ನಡೆದದ್ದು. ಹವ್ಯಾಸಿ ಜಾದೂಗಾರರೊಬ್ಬರು ಮಗಳ ಮುಂದೆ ನಾಣ್ಯ ಹಿಡಿದರು. ಬಲಗೈಯಿಂದ ಎಡಗೈಗೆ ಹಾಕಿದರು. ಮುಷ್ಟಿ ಬಿಚ್ಚಿದರೆ ಖಾಲಿ! ಆಮೇಲೆ ನಿಧಾನವಾಗಿ ತೋರಿಸಿದರು: ನಾಣ್ಯ ಬಲಗೈ ಬಿಟ್ಟು ಹೋಗಿರಲೇ ಇಲ್ಲ. ಅವರು ಎಡಗೈ ನೋಡಿದರು, ನಾವೂ ಅದನ್ನೇ ನೋಡಿದೆವು. ಅಷ್ಟೇ ಗುಟ್ಟು.

"ನಾನು ಕಣ್ಣು ಮಿಟುಕಿಸದೆ ನೋಡ್ತಿದ್ದೆ ಅಮ್ಮಾ" ಅಂದಳು.

ಜೇಮ್ಸ್ ರ‍್ಯಾಂಡಿ ಯಾಕೆ ಅಷ್ಟು ಮುಖ್ಯ ಅಂತ ಒಬ್ಬರು ಕೇಳಿದ್ದಿರಿ. ಪವಾಡದ ಹೆಸರಿನ ಮೋಸಗಳನ್ನು ಬಯಲು ಮಾಡುತ್ತಿದ್ದ ಅವರು ಸ್ವತಃ ಜಾದೂಗಾರರಾಗಿದ್ದರು. ಅತೀಂದ್ರಿಯ ಶಕ್ತಿ ತೋರಿಸಿದವರಿಗೆ 10 ಲಕ್ಷ ಡಾಲರ್ ಅಂತ ಸವಾಲು ಹಾಕಿದ್ದರು. ಯಾರೂ ಗೆಲ್ಲಲಿಲ್ಲ. ಕೈಚಳಕ ಹಿಡಿಯಲು ಕೈಚಳಕ ಬಲ್ಲವರೇ ಬೇಕು ಅಲ್ವಾ?

ವಾಪಸ್ ಬರುವಾಗ ನಮ್ಮ ಎಚ್. ನರಸಿಂಹಯ್ಯನವರ ಕಥೆ ಹೇಳಿದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು. ಅವಳಿಗೆ ಬಹಳ ಹಿಡಿಸಿತು.

ಈಗ ದಿನಾ ಸಂಜೆ ಕನ್ನಡಿ ಮುಂದೆ ನಿಂತು ಕಾಲು ಡಾಲರ್ ನಾಣ್ಯದಲ್ಲಿ ಅಭ್ಯಾಸ ಮಾಡುತ್ತಿದ್ದಾಳೆ.