ಹಳೆಯ ಫೋನ್‌ಗಳಲ್ಲಿ ಹಳೆಯ ದರ, ಹೊಸ ಫೋನ್‌ಗಳಲ್ಲಿ ‘ಆಫ್‌ಲೈನ್’ ಪುಟ: ತೊಗರಿ ಖರೀದಿಯ ವೆಬ್ ಆ್ಯಪ್‌ಗೆ ಏನಾಗಿದೆ?

ಕಣಜದ_ಹುಡುಗ (ಆಳಂದ)

ಎಲ್ಲರಿಗೂ ಶರಣು. ರೈತ ಉತ್ಪಾದಕರ ಕಂಪನಿಯೊಂದರ ತೊಗರಿ ಖರೀದಿ ಕೇಂದ್ರಗಳಲ್ಲಿ ಬಳಸುವ ಪ್ರೋಗ್ರೆಸಿವ್ ವೆಬ್ ಆ್ಯಪ್ (ಬ್ರೌಸರ್‌ನಲ್ಲೇ ನಡೆಯುವ, ಆದರೆ ಫೋನಿನಲ್ಲಿ ಆ್ಯಪ್‌ನಂತೆ ಇಟ್ಟುಕೊಳ್ಳಬಹುದಾದ ವೆಬ್‌ಸೈಟ್) ಒಂದನ್ನು ನೋಡಿಕೊಳ್ಳುತ್ತಿದ್ದೇನೆ. ಬರೆದವರು ಬೇರೆ ಕೆಲಸ ಹಿಡಿದು ಹೋಗಿದ್ದಾರೆ, ಕೋಡ್ ನನ್ನ ಪಾಲಿಗೆ ಬಂದಿದೆ. ರೈತರ ಹೆಸರು, ಚೀಲ, ತೂಕ, ತೇವಾಂಶ ತುಂಬಿದರೆ ಚೀಟಿ ತಯಾರಾಗುತ್ತದೆ, ಇಷ್ಟೇ ಕೆಲಸ. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಊರುಗಳಲ್ಲಿ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ನೆಟ್ ಇಲ್ಲದಾಗಲೂ ಚೀಟಿ ಬರೆಯುವಂತಿರಬೇಕು, ನೆಟ್ ಸಿಕ್ಕಾಗ ಲೆಕ್ಕ ಸರ್ವರ್‌ಗೆ ಹೋಗಬೇಕು. ಕಳೆದ ಹಂಗಾಮಿನಲ್ಲಿ ಯಾವ ತಕರಾರೂ ಇರಲಿಲ್ಲ.

ಈ ಸಲ ದರ ಬದಲಿಸಿ ಹೊಸ ಆವೃತ್ತಿಯನ್ನು ಸರ್ವರ್‌ಗೆ ಹಾಕಿದ ಮೇಲೆ ಎರಡು ತೊಂದರೆಗಳು ಒಟ್ಟಿಗೆ ಶುರುವಾಗಿವೆ. ಕಳೆದ ವರ್ಷದಿಂದ ಬಳಕೆಯಲ್ಲಿರುವ ಫೋನ್‌ಗಳಲ್ಲಿ ಆ್ಯಪ್ ನೆಟ್ ಇಲ್ಲದೆಯೂ ತೆರೆದುಕೊಳ್ಳುತ್ತದೆ, ಆದರೆ ಬೆಂಬಲ ಬೆಲೆ ಇನ್ನೂ 2024-25ರ 7,550 ರೂಪಾಯಿ ಎಂದೇ ತೋರಿಸುತ್ತದೆ. 2025-26ರ ಬೆಲೆ 8,000. ಎಷ್ಟು ರಿಫ್ರೆಶ್ ಮಾಡಿದರೂ ಜಪ್ಪಯ್ಯ ಎನ್ನುವುದಿಲ್ಲ. ಈ ವರ್ಷ ಕೊಂಡ ಫೋನ್‌ಗಳಲ್ಲಿ ದರ ಸರಿಯಾಗಿದೆ, ಆದರೆ ನೆಟ್ ಹೋದೊಡನೆ ಆ್ಯಪ್‌ನ ಚಿಹ್ನೆ ಮತ್ತು ‘ನೀವು ಆಫ್‌ಲೈನ್‌ನಲ್ಲಿದ್ದೀರಿ’ ಎಂಬ ಸಾಲು ಬಿಟ್ಟರೆ ಪರದೆ ಖಾಲಿ. ಎರಡೂ ಬಗೆಯ ಫೋನ್‌ಗಳಲ್ಲಿರುವುದು ಆಂಡ್ರಾಯ್ಡ್, ಕ್ರೋಮ್. ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನ ಲೋಕಲ್‌ಹೋಸ್ಟ್‌ನಲ್ಲಿ, ಅಂದರೆ ಸರ್ವರ್ ಇಲ್ಲದೆ ಲ್ಯಾಪ್‌ಟಾಪ್‌ನಿಂದಲೇ ಓಡಿಸಿದಾಗ, ಎಲ್ಲವೂ ಸರಿಯಾಗಿ ನಡೆಯುತ್ತದೆ.

ಕ್ವಿಂಟಲ್‌ಗೆ 450 ರೂಪಾಯಿ ಕಡಿಮೆ ಬರೆದ ಚೀಟಿ ಕೈಗೆ ಬಂದರೆ ರೈತರು ಸುಮ್ಮನಿರುತ್ತಾರೆಯೇ? ದಯವಿಟ್ಟು ಬೇಗ ದಾರಿ ತೋರಿಸಿ.

ಸೇಡಂ_ಕಲ್ಲು

ಹಳೆಯ ದರ ಅಂದರೆ ಕ್ಯಾಶ್ (ಫೋನಿನಲ್ಲಿ ಉಳಿಸಿಟ್ಟ ಪ್ರತಿಗಳ) ಸಮಸ್ಯೆ, ಬೇರೇನಲ್ಲ. ನೆಟ್ ಇಲ್ಲದಾಗ ಉಳಿಸಿಟ್ಟ ಪುಟ ಕೊಡುವ ಹಿನ್ನೆಲೆಯ ಸ್ಕ್ರಿಪ್ಟ್ ಇದೆಯಲ್ಲ, ಆ ಸರ್ವಿಸ್ ವರ್ಕರ್‌ನ ಫೈಲ್‌ಗೆ ನಿಮ್ಮ ಸರ್ವರ್ ದೀರ್ಘಾವಧಿಯ ಕ್ಯಾಶ್ ಹೆಡರ್ (ಬಹುಕಾಲ ಹಳೆಯ ಪ್ರತಿಯನ್ನೇ ಬಳಸು ಎಂಬ ಸೂಚನೆ) ಕೊಡುತ್ತಿರಬೇಕು. ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಆ ಸೈಟಿನ ಡೇಟಾ ಅಳಿಸಿಬಿಡಿ, ಎಲ್ಲ ಹೊಸದಾಗಿ ಬರುತ್ತದೆ.

ಬಿದರಿ_ಬಿಟ್ (ಬೀದರ್)

ಅಳಿಸಬೇಡಿ! ಕೇಂದ್ರಗಳ ವಾಟ್ಸ್‌ಆ್ಯಪ್ ಗುಂಪು ಇದ್ದರೆ ಈಗಲೇ ಅಲ್ಲಿ ಹಾಕಿ: ಯಾರೂ ಯಾವ ಫೋನಿನಲ್ಲೂ ಸೈಟ್ ಡೇಟಾ ಅಳಿಸಕೂಡದು, ಫೋನ್ ‘ಕ್ಲೀನ್’ ಮಾಡುವ ಆ್ಯಪ್ ಓಡಿಸಕೂಡದು. ಸರ್ವರ್‌ಗೆ ಇನ್ನೂ ಹೋಗದ ಚೀಟಿಗಳು ಫೋನಿನ ಇಂಡೆಕ್ಸ್‌ಡ್‌ಡಿಬಿಯಲ್ಲಿ (ಬ್ರೌಸರ್‌ನೊಳಗಿನ ಮಾಹಿತಿ ಸಂಗ್ರಹ) ಕುಳಿತಿರುತ್ತವೆ. ಸೈಟ್ ಡೇಟಾ ಅಳಿಸಿದರೆ ಕ್ಯಾಶ್ ಜೊತೆಗೆ ಅವೂ ಹೋಗುತ್ತವೆ. ಹೋದವು ಮತ್ತೆ ಬರುವುದಿಲ್ಲ.

ಹೆಡರ್ ಮೇಲೂ ನನಗೆ ಅನುಮಾನವಿಲ್ಲ. 2018ರ ಕ್ರೋಮ್ 68ರಿಂದ ಸರ್ವಿಸ್ ವರ್ಕರ್ ಫೈಲ್ ಬದಲಾಗಿದೆಯೇ ಎಂದು ನೋಡುವಾಗ ಬ್ರೌಸರ್ ತನ್ನ ಎಚ್‌ಟಿಟಿಪಿ ಕ್ಯಾಶ್ ಅನ್ನು ನೆಚ್ಚುವುದಿಲ್ಲ, ನೇರವಾಗಿ ಸರ್ವರ್‌ಗೇ ಹೋಗುತ್ತದೆ. ಒಂದು ಬೈಟ್ ವ್ಯತ್ಯಾಸ ಕಂಡರೂ ಹೊಸದನ್ನು ಇನ್‌ಸ್ಟಾಲ್ ಮಾಡಲು ಹೊರಡುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ, ಹೊರಟದ್ದು ಮುಟ್ಟಿತೇ?

ಹೊಸ ಫೋನ್ ಒಂದನ್ನು ಯುಎಸ್‌ಬಿ ತಂತಿಯಲ್ಲಿ ಲ್ಯಾಪ್‌ಟಾಪ್‌ಗೆ ಜೋಡಿಸಿ. ಕ್ರೋಮ್‌ನ ಇನ್‌ಸ್ಪೆಕ್ಟ್ ಪುಟದಿಂದ ಆ ಫೋನಿನ ಡೆವ್‌ಟೂಲ್ಸ್ (ಪುಟದ ಒಳಗಿನ ಸ್ಥಿತಿ, ದೋಷಗಳನ್ನು ತೋರಿಸುವ ಸಾಧನ) ತೆರೆದು, ಅಪ್ಲಿಕೇಶನ್ ವಿಭಾಗದಲ್ಲಿ ಸರ್ವಿಸ್ ವರ್ಕರ್‌ನ ಸ್ಥಿತಿ ಏನಿದೆ, ಕನ್ಸೋಲ್‌ನಲ್ಲಿ ಕೆಂಪು ಸಾಲು ಯಾವುದಿದೆ ಎಂದು ತಿಳಿಸಿ. ಲೋಕಲ್‌ಹೋಸ್ಟ್‌ನ ಸಾಕ್ಷ್ಯ ಈ ಪ್ರಕರಣದಲ್ಲಿ ನಡೆಯುವುದಿಲ್ಲ.

ಗಂಜ್_ಗುಮಾಸ್ತ (ಕಲಬುರಗಿ)

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ನೆಹರೂ ಗಂಜ್‌ನಲ್ಲಿ ಅಡತಿ ಅಂಗಡಿಯ ಲೆಕ್ಕ ಬರೆಯುವವನು, ಕೋಡ್ ಬರೆಯುವುದು ಹವ್ಯಾಸ. ತಮ್ಮಾ, ಈ ವೆಬ್ ಆ್ಯಪ್ ಎಂಬ ಅರ್ಧಂಬರ್ಧ ವಸ್ತುವನ್ನು ಯಾಕೆ ಕಟ್ಟಿಕೊಂಡೆ? ಫ್ಲಟರ್ ಎಂಬ ಆ್ಯಪ್ ಕಟ್ಟುವ ಸಾಧನದಲ್ಲಿ ಸರಿಯಾದ ಆ್ಯಪ್ ಮಾಡಿ ಪ್ಲೇ ಸ್ಟೋರ್‌ನಲ್ಲಿ ಹಾಕಿದ್ದರೆ ಈ ಸರ್ವಿಸ್ ವರ್ಕರ್‌ನ ಕಾಟವೇ ಇರುತ್ತಿರಲಿಲ್ಲ. ಹತ್ತು ವರ್ಷಗಳಿಂದ ‘ಮುಂದಿನದೆಲ್ಲ ವೆಬ್ಬೇ’ ಎಂದು ಕೇಳುತ್ತಲೇ ಇದ್ದೇನೆ.

ಕಣಜದ_ಹುಡುಗ (ಆಳಂದ)

ಕಾಕಾ, ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ, ಸದ್ಯ ಮನೆಗೆ ಬೆಂಕಿ ಬಿದ್ದಿದೆ.

ಬೀದರಿನ ಅಕ್ಕಾವರೇ, ಫೋನ್ ಜೋಡಿಸಿ ನೋಡಿದೆ. ಪುಟ ತೆರೆದಾಗ ಹೊಸ ಸರ್ವಿಸ್ ವರ್ಕರ್ ಪಟ್ಟಿಯಲ್ಲಿ ಕಾಣಿಸಿಕೊಂಡು ಕ್ಷಣದಲ್ಲೇ ‘ರಿಡಂಡೆಂಟ್’ (ರದ್ದು) ಆಗುತ್ತದೆ. ಕನ್ಸೋಲ್‌ನಲ್ಲಿ ಟೈಪ್‌ಎರರ್: ಕ್ಯಾಶ್‌ನ ‘ಆಡ್‌ಆಲ್’ (ಪಟ್ಟಿಯಲ್ಲಿರುವ ಫೈಲ್‌ಗಳನ್ನೆಲ್ಲ ಒಟ್ಟಿಗೆ ಉಳಿಸುವ ಆದೇಶ) ವಿಫಲ, ‘ರಿಕ್ವೆಸ್ಟ್ ಫೇಲ್ಡ್’. ಯಾವ ರಿಕ್ವೆಸ್ಟ್ ಎಂದು ಹೇಳುವುದೇ ಇಲ್ಲ. ಪಟ್ಟಿಯಲ್ಲಿ ಪುಟ, ಸ್ಕ್ರಿಪ್ಟ್, ಸ್ಟೈಲ್, ಚಿಹ್ನೆಗಳು, ಎಲ್ಲ ಸೇರಿ ಬಹಳ ಫೈಲ್‌ಗಳಿವೆ. ಹಿಂದಿನವರು ಹೋಗುವ ಮುನ್ನ ಚೀಟಿಗೆಂದು ಒಂದು ಕನ್ನಡ ಫಾಂಟ್ ಕೂಡ ಸೇರಿಸಿಟ್ಟಿದ್ದರು, ಅದು ಈ ಆವೃತ್ತಿಯ ಜೊತೆಗೇ ಸರ್ವರ್‌ಗೆ ಹೋಗಿದೆ.

ಬಿದರಿ_ಬಿಟ್ (ಬೀದರ್)

ಕಳ್ಳ ಸಿಕ್ಕ ಹಾಗೆಯೇ. ನಿಮ್ಮ ಎರಡೂ ತೊಂದರೆಗಳಿಗೆ ಬೇರು ಒಂದೇ.

‘ಆಡ್‌ಆಲ್’ ಎನ್ನುವುದು, ಒಂದು ಚೀಲ ಕಡಿಮೆ ಬಿದ್ದರೂ ಇಡೀ ಲಾರಿಯನ್ನೇ ವಾಪಸ್ ಕಳಿಸುವ ಗೋದಾಮಿನವನ ಹಾಗೆ. ಪಟ್ಟಿಯಲ್ಲಿರುವ ಒಂದೇ ಒಂದು ಫೈಲ್‌ಗೆ 404 (ಫೈಲ್ ಸಿಗಲಿಲ್ಲ ಎಂಬ ಉತ್ತರ) ಬಂದರೂ ಉಳಿದ ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ, ಇನ್‌ಸ್ಟಾಲ್ ಪೂರ್ತಿ ಬಿದ್ದುಹೋಗುತ್ತದೆ. ಈಗ ಹಳೆಯ ಫೋನ್ ನೋಡಿ. ಅಲ್ಲಿ ಕಳೆದ ವರ್ಷದ ಸರ್ವಿಸ್ ವರ್ಕರ್ ಆರೋಗ್ಯವಾಗಿದೆ. ಹೊಸದು ಬಾಗಿಲಿಗೆ ಬಂದು ಬಿದ್ದುಹೋಗುವುದರಿಂದ ಹಳೆಯದೇ ಅಧಿಕಾರದಲ್ಲಿ ಉಳಿಯುತ್ತದೆ, ತನ್ನಲ್ಲಿರುವ ಹಳೆಯ ಪುಟವನ್ನೇ, ಅಂದರೆ 7,550 ಅನ್ನೇ ಬಡಿಸುತ್ತದೆ. ಹೊಸ ಫೋನಿನಲ್ಲಿ ಹಳೆಯದು ಇರಲೇ ಇಲ್ಲ. ಹೊಸದು ಸೇರಲಿಲ್ಲ. ನೆಟ್ ಇರುವಾಗ ಪುಟ ನೇರ ಸರ್ವರ್‌ನಿಂದ ಬರುವ ಕಾರಣ 8,000 ಕಾಣುತ್ತದೆ, ನೆಟ್ ಹೋದರೆ ಕೊಡಲು ಯಾರೂ ಇಲ್ಲ.

‘ಇನ್‌ಸ್ಟಾಲ್ ಆಗಿದೆಯಲ್ಲ, ಹೋಮ್ ಸ್ಕ್ರೀನ್‌ನಲ್ಲಿ ಚಿಹ್ನೆ ಇದೆಯಲ್ಲ’ ಎನ್ನಬೇಡಿ. ಹಿಂದೆ ಆಫ್‌ಲೈನ್‌ನಲ್ಲಿ ಉತ್ತರಿಸಬಲ್ಲ ಸರ್ವಿಸ್ ವರ್ಕರ್ ಇದ್ದರೆ ಮಾತ್ರ ಕ್ರೋಮ್ ಇನ್‌ಸ್ಟಾಲ್ ಮಾಡಲು ಕೇಳುತ್ತಿತ್ತು. ಆ ಷರತ್ತನ್ನು ಈಗ ತೆಗೆದಿದ್ದಾರೆ. ನೀವು ನೋಡುತ್ತಿರುವ ಚಿಹ್ನೆಯ ‘ಆಫ್‌ಲೈನ್’ ಪುಟ ಕ್ರೋಮ್ ತಾನೇ ಮಾಡಿಕೊಡುವಂಥದ್ದು. ನನಗೆ ಈ ಸಡಿಲಿಕೆ ಹಿಡಿಸಿಲ್ಲ, ಹಳೆಯ ಬಿಗಿಯಿದ್ದರೆ ಮೊದಲ ದಿನವೇ ಗುಟ್ಟು ರಟ್ಟಾಗುತ್ತಿತ್ತು.

ಇನ್ನು ಫೈಲ್. ನೆಟ್‌ವರ್ಕ್ ವಿಭಾಗದಲ್ಲಿ 404 ಯಾವುದಕ್ಕೆ ಬರುತ್ತಿದೆ ನೋಡಿ. ಫಾಂಟ್ ಮೇಲೆ ನನ್ನ ಕಣ್ಣು. ಅದರ ಹೆಸರನ್ನು ಪಟ್ಟಿಯಲ್ಲಿ ಹೇಗೆ ಬರೆದಿದೆ, ಸರ್ವರ್‌ನಲ್ಲಿ ಹೇಗಿದೆ ಎಂದು ಅಕ್ಷರ ಅಕ್ಷರ ಹೋಲಿಸಿ.

ಕಣಜದ_ಹುಡುಗ (ಆಳಂದ)

ಅಕ್ಕಾವರೇ, ಅದೇ! ಫಾಂಟ್‌ಗೇ 404. ಪಟ್ಟಿಯಲ್ಲಿ ಹೆಸರು ಸಣ್ಣ ‘ಎನ್’ನಿಂದ ಶುರುವಾಗುತ್ತದೆ, ಸರ್ವರ್‌ನಲ್ಲಿರುವ ಫೈಲ್‌ಗೆ ದೊಡ್ಡ ‘ಎನ್’. ಸ್ಟೈಲ್ ಫೈಲ್‌ನಲ್ಲೂ ಸಣ್ಣದೇ ಇದೆ. ಆದರೆ ಪರದೆಯ ಮೇಲೆ ಕನ್ನಡ ಸರಿಯಾಗಿಯೇ ಕಾಣುತ್ತಿತ್ತಲ್ಲ?

ಬಿದರಿ_ಬಿಟ್ (ಬೀದರ್)

ಆಂಡ್ರಾಯ್ಡ್‌ನಲ್ಲಿ ಮೊದಲೇ ಕನ್ನಡದ ನೋಟೋ ಫಾಂಟ್ ಇರುತ್ತದೆ. ನಿಮ್ಮದು ಸಿಗದಿದ್ದಾಗ ಅದು ಸದ್ದಿಲ್ಲದೆ ಆ ಜಾಗ ತುಂಬಿದೆ, ಆದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ವಿಂಡೋಸ್ ಫೈಲ್ ಹೆಸರಿನಲ್ಲಿ ದೊಡ್ಡ, ಸಣ್ಣ ಅಕ್ಷರ ಎಂದು ಭೇದ ಮಾಡುವುದಿಲ್ಲ, ಲಿನಕ್ಸ್ ಸರ್ವರ್ ಮಾಡುತ್ತದೆ. ಲೋಕಲ್‌ಹೋಸ್ಟ್‌ನಲ್ಲಿ ಎಲ್ಲ ನಡೆದದ್ದು ಇದೇ ಕಾರಣಕ್ಕೆ.

ಸರ್ವರ್‌ನಲ್ಲಿ ಫೈಲ್ ಹೆಸರು ಸರಿಪಡಿಸಿ, ಅಷ್ಟು ಸಾಕು. ಸರ್ವಿಸ್ ವರ್ಕರ್ ಫೈಲ್ ಮುಟ್ಟಬೇಕಿಲ್ಲ. ಹಳೆಯ ಫೋನ್‌ಗಳಲ್ಲಿರುವುದಕ್ಕಿಂತ ಅದು ಹೇಗೂ ಬೇರೆ ಇರುವುದರಿಂದ ಮುಂದಿನ ಸಲ ನೆಟ್‌ನಲ್ಲಿ ತೆರೆದಾಗ ಬ್ರೌಸರ್ ತಾನಾಗಿ ಮತ್ತೆ ಪ್ರಯತ್ನಿಸುತ್ತದೆ. ಮುಂದಿನ ಆವೃತ್ತಿಯಲ್ಲಿ ‘ಆಡ್‌ಆಲ್’ ಪಟ್ಟಿಗೆ ಆ್ಯಪ್ ನಿಲ್ಲಲು ಬೇಕೇಬೇಕಾದ ಫೈಲ್‌ಗಳನ್ನಷ್ಟೇ ಸೇರಿಸಿ. ಫಾಂಟ್, ಚಿತ್ರಗಳನ್ನು ಒಂದೊಂದಾಗಿ ಬೇರೆ ಹಾಕಿ, ಅವು ಸಿಗದಿದ್ದರೂ ಇನ್‌ಸ್ಟಾಲ್ ನಿಲ್ಲಕೂಡದು.

ದರವನ್ನು ಕೋಡ್‌ನೊಳಗೆ ಹೂತಿಡುವುದು ಎಂಥ ಪದ್ಧತಿ? ಚಿಕ್ಕ ಫೈಲ್ ಒಂದರಲ್ಲಿ ದರ ಮತ್ತು ಅದು ಜಾರಿಗೆ ಬಂದ ದಿನಾಂಕ ಇರಲಿ. ಆ್ಯಪ್ ಮೊದಲು ಸರ್ವರ್‌ನಿಂದ ಕೇಳಲಿ, ಸಿಗದಿದ್ದರೆ ಮಾತ್ರ ಉಳಿಸಿಟ್ಟದ್ದನ್ನು ತೋರಿಸಲಿ. ಚೀಟಿಯ ಮೂಲೆಯಲ್ಲಿ ಆವೃತ್ತಿಯ ಸಂಖ್ಯೆಯನ್ನೂ ಮುದ್ರಿಸಿ. ಮುಂದೆ ತಕರಾರು ಬಂದರೆ ಫೋನ್ ಹುಡುಕಿಕೊಂಡು ಹೋಗಬೇಕಾಗಿಲ್ಲ, ಚೀಟಿಯೇ ಹೇಳುತ್ತದೆ.

ಈಗ ಗಂಜ್‌ನ ಕಾಕಾ ಅವರಿಗೆ. ಫ್ಲಟರ್ ಬಗ್ಗೆ ನನಗೆ ದ್ವೇಷವಿಲ್ಲ. ಆದರೆ ಪ್ಲೇ ಸ್ಟೋರ್‌ಗೆ 25 ಡಾಲರ್ ಒಂದು ಸಲ, ಆ್ಯಪಲ್‌ಗೆ ಪ್ರತಿ ವರ್ಷ 99 ಡಾಲರ್. ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಕನಿಷ್ಠ 12 ಜನರನ್ನು 14 ದಿನ ಸತತವಾಗಿ ಪರೀಕ್ಷೆಗೆ ಕೂರಿಸಿದ ಮೇಲಷ್ಟೇ ಪ್ಲೇ ಸ್ಟೋರ್ ಬಾಗಿಲು. ಹಂಗಾಮಿನ ನಡುವೆ ದರ ಬದಲಾದರೆ, ಅಥವಾ ಹೀಗೆ ತಪ್ಪೊಂದು ನುಸುಳಿದರೆ, ಸರ್ವರ್‌ನಲ್ಲಿ ಒಂದು ಅಕ್ಷರ ತಿದ್ದಿ ಮುಗಿಸುವ ಸುಖ ಅಲ್ಲಿಲ್ಲ. ಸ್ಟೋರ್‌ನಲ್ಲಿ ಕಾಣಿಸಲೇಬೇಕು ಎಂದರೆ ಇದೇ ವೆಬ್ ಆ್ಯಪ್‌ಗೆ ‘ಟ್ರಸ್ಟೆಡ್ ವೆಬ್ ಆ್ಯಕ್ಟಿವಿಟಿ’ ಹೊದಿಕೆ ಹಾಕಿ ಕೊಡಬಹುದು.

‘ಮುಂದಿನದೆಲ್ಲ ವೆಬ್ಬೇ’ ಎಂದು ನಾನೂ ಹೇಳುವುದಿಲ್ಲ. ಪ್ರೋಗ್ರೆಸಿವ್ ವೆಬ್ ಆ್ಯಪ್ ಎಂಬ ಹೆಸರನ್ನು ಅಲೆಕ್ಸ್ ರಸೆಲ್ ಮತ್ತು ಫ್ರಾನ್ಸಿಸ್ ಬೆರಿಮನ್ 2015ರಲ್ಲಿ ಕೊಟ್ಟರು. ಆ್ಯಪಲ್ ಸರ್ವಿಸ್ ವರ್ಕರ್ ತಂದದ್ದು 2018ರ ಐಒಎಸ್ 11.3ರಲ್ಲಿ, ಪುಶ್ ಸೂಚನೆ ಕೊಟ್ಟದ್ದು 2023ರ 16.4ರಲ್ಲಿ, ಅದೂ ಹೋಮ್ ಸ್ಕ್ರೀನ್‌ಗೆ ಸೇರಿಸಿದವಕ್ಕೆ ಮಾತ್ರ. 2024ರ ಫೆಬ್ರುವರಿಯಲ್ಲಿ ಯುರೋಪ್ ಒಕ್ಕೂಟದಲ್ಲಿ ಹೋಮ್ ಸ್ಕ್ರೀನ್ ವೆಬ್ ಆ್ಯಪ್‌ಗಳ ಸೌಲಭ್ಯವನ್ನೇ ಕಿತ್ತುಹಾಕುವುದಾಗಿ ಹೇಳಿ, ಗದ್ದಲ ಎದ್ದ ಮೇಲೆ ಮಾರ್ಚ್ ಆರಂಭದಲ್ಲಿ ಮಾತು ವಾಪಸ್ ಪಡೆಯಿತು. 2007ರಲ್ಲಿ ಐಫೋನ್ ಬಂದಾಗ ಆ್ಯಪ್ ಸ್ಟೋರ್ ಇರಲಿಲ್ಲ, ವೆಬ್ ಆ್ಯಪ್ ಬರೆಯಿರಿ ಎಂದು ಹೇಳಿದ್ದು ಇದೇ ಕಂಪನಿ! ಅಂತೂ ವೆಬ್‌ನ ದಾರಿಯಲ್ಲಿ ಅಡ್ಡಗಾಲು ಇದ್ದೇ ಇದೆ. ಆದರೆ ಖರೀದಿ ಕೇಂದ್ರದ ಚೀಟಿಗೆ, ಅದೂ ಆಂಡ್ರಾಯ್ಡ್ ಫೋನ್‌ಗಳೇ ತುಂಬಿರುವ ನಮ್ಮ ಕಡೆ, ವೆಬ್ ಇವತ್ತೇ ಸಾಕಾಗುತ್ತದೆ. ನಾಳೆಯ ಮಾತು ಬೇಡ.

ಗಂಜ್_ಗುಮಾಸ್ತ (ಕಲಬುರಗಿ)

12 ಜನ, 14 ದಿನದ ಸಂಗತಿ ಗೊತ್ತಿರಲಿಲ್ಲ. ಆದರೂ ತೂಕದ ಯಂತ್ರದಿಂದ ಬ್ಲೂಟೂತ್‌ನಲ್ಲಿ ತೂಕ ನೇರ ಬರಬೇಕೆಂದರೆ ನಿಮ್ಮ ವೆಬ್ ಏನು ಮಾಡುತ್ತದೆ?

ಬಿದರಿ_ಬಿಟ್ (ಬೀದರ್)

ಆಂಡ್ರಾಯ್ಡ್ ಕ್ರೋಮ್‌ನಲ್ಲಿ ವೆಬ್ ಬ್ಲೂಟೂತ್ ಇದೆ, ಯಂತ್ರ ಬ್ಲೂಟೂತ್ ಲೋ ಎನರ್ಜಿ ಬಗೆಯದಾಗಿದ್ದರೆ ನಡೆಯುತ್ತದೆ. ಸಫಾರಿ, ಫೈರ್‌ಫಾಕ್ಸ್‌ನಲ್ಲಿ ಇಲ್ಲ. ಅದೇ ನಿಮ್ಮ ಮುಖ್ಯ ಕೆಲಸವಾದರೆ, ಐಫೋನ್‌ನಲ್ಲೂ ನಡೆಯಬೇಕಾದರೆ, ಫ್ಲಟರ್‌ಗೇ ಹೋಗಿ ಕಾಕಾ.

ಕಣಜದ_ಹುಡುಗ (ಆಳಂದ)

ಫೈಲ್ ಹೆಸರು ತಿದ್ದಿದೆ. ಹೊಸ ಫೋನ್‌ಗಳು ಏರೋಪ್ಲೇನ್ ಮೋಡ್‌ನಲ್ಲೂ ತೆರೆದುಕೊಂಡವು. ಹಳೆಯವುಗಳಲ್ಲಿ ಹೆಚ್ಚಿನವು 8,000ಕ್ಕೆ ಬಂದವು. ಎರಡು ಉಳಿದಿವೆ.

ಒಂದು, ಕೇಂದ್ರದ ಟ್ಯಾಬ್ಲೆಟ್. ಅದರಲ್ಲಿ ಹೊಸ ಸರ್ವಿಸ್ ವರ್ಕರ್ ‘ವೇಟಿಂಗ್’ನಲ್ಲೇ ನಿಂತಿದೆ. ಕೋಡ್‌ನಲ್ಲಿ ‘ಸ್ಕಿಪ್‌ವೇಟಿಂಗ್’ (ಕಾಯದೆ ಹೊಸದನ್ನು ತಕ್ಷಣ ಜಾರಿ ಮಾಡುವ ಆದೇಶ) ಹಾಕಿಬಿಡಲೇ? ಇನ್ನೊಂದು, ವ್ಯವಸ್ಥಾಪಕರ ಐಫೋನ್. ಮೊದಲು ಸಫಾರಿಯಲ್ಲಿ ಕೆಲವು ಚೀಟಿ ಬರೆದಿದ್ದರಂತೆ. ಆಮೇಲೆ ಹೋಮ್ ಸ್ಕ್ರೀನ್‌ಗೆ ಸೇರಿಸಿ ತೆರೆದರೆ ಒಂದೂ ಇಲ್ಲ. ‘ನಿಮ್ಮ ಆ್ಯಪ್ ನನ್ನ ಚೀಟಿ ನುಂಗಿತು’ ಎಂದು ಕೂಗಾಡುತ್ತಿದ್ದಾರೆ.

ಬಿದರಿ_ಬಿಟ್ (ಬೀದರ್)

ಟ್ಯಾಬ್ಲೆಟ್‌ಗೆ ರಿಫ್ರೆಶ್ ಸಾಲದು. ಹಳೆಯ ಸರ್ವಿಸ್ ವರ್ಕರ್‌ನ ಹಿಡಿತದಲ್ಲಿರುವ ಪುಟಗಳೆಲ್ಲ ಮುಚ್ಚಿದ ಮೇಲಷ್ಟೇ ಹೊಸದು ಪಟ್ಟಕ್ಕೆ ಬರುತ್ತದೆ. ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ತಳ್ಳಿಹಾಕಿ, ಜೊತೆಗೆ ಕ್ರೋಮ್‌ನ ಯಾವುದಾದರೂ ಟ್ಯಾಬ್‌ನಲ್ಲಿ ಅದೇ ಪುಟ ತೆರೆದಿದೆಯೇ ನೋಡಿ. ಅದು ತೆರೆದಿದ್ದರೂ ಕಾಯುತ್ತಲೇ ಇರುತ್ತದೆ.

ಕಣ್ಣು ಮುಚ್ಚಿ ‘ಸ್ಕಿಪ್‌ವೇಟಿಂಗ್’ ಹಾಕಬೇಡಿ. ರೈತರು ಎದುರಿಗೆ ನಿಂತಿರುವಾಗ, ಅರ್ಧ ತುಂಬಿದ ಚೀಟಿಯ ಹಳೆಯ ಪುಟಕ್ಕೆ ಹೊಸ ಆವೃತ್ತಿಯ ಫೈಲ್‌ಗಳು ಬಂದು ಸೇರಿದರೆ ಅದು ಎಲ್ಲಿ ಮುರಿಯುತ್ತದೆ ಹೇಳಲಾಗದು. ‘ಹೊಸ ಆವೃತ್ತಿ ಸಿದ್ಧವಿದೆ’ ಎಂಬ ಗುಂಡಿ ತೋರಿಸಿ, ಅದನ್ನು ಒತ್ತಿದಾಗ ಮಾತ್ರ ಬದಲಾಗಲಿ.

ಐಫೋನ್‌ನಲ್ಲಿ ಸಫಾರಿಯ ಸಂಗ್ರಹ ಬೇರೆ, ಹೋಮ್ ಸ್ಕ್ರೀನ್ ಆ್ಯಪ್‌ನ ಸಂಗ್ರಹ ಬೇರೆ. ಚೀಟಿಗಳು ಸಫಾರಿಯಲ್ಲೇ ಇರುತ್ತವೆ, ಅಲ್ಲಿಂದಲೇ ತೆರೆದು ಕಳಿಸಲು ಹೇಳಿ. ಇವತ್ತೇ ಹೇಳಿ, ಏಕೆಂದರೆ ಸೈಟನ್ನು ಮುಟ್ಟದೆ ಸಫಾರಿಯನ್ನು ಏಳು ದಿನ ಬಳಸಿದರೆ ಅದು ಆ ಸೈಟ್ ಬರೆದಿಟ್ಟದ್ದನ್ನು ಅಳಿಸಿಹಾಕುತ್ತದೆ. ಸಫಾರಿಯಲ್ಲಿ ಬ್ಯಾಕ್‌ಗ್ರೌಂಡ್ ಸಿಂಕ್ (ಪುಟ ಮುಚ್ಚಿದ್ದರೂ ಹಿನ್ನೆಲೆಯಲ್ಲಿ ಕಳಿಸುವ ಸೌಲಭ್ಯ) ಕೂಡ ಇಲ್ಲ, ಆದ್ದರಿಂದ ಚೀಟಿಗಳೆಲ್ಲ ಹೋಗುವ ತನಕ ಪುಟ ತೆರೆದೇ ಇರಬೇಕು.

ಕಣಜದ_ಹುಡುಗ (ಆಳಂದ)

ಟ್ಯಾಬ್ಲೆಟ್‌ನ ಕ್ರೋಮ್‌ನಲ್ಲಿ ಅದೇ ಪುಟ ತೆರೆದಿತ್ತು. ಮುಚ್ಚಿದೆವು, 8,000 ಬಂತು. ವ್ಯವಸ್ಥಾಪಕರ ಚೀಟಿಗಳು ಸಫಾರಿಯಲ್ಲೇ ಇದ್ದವು, ಕಳಿಸಿದ್ದಾರೆ, ಕೂಗಾಟ ನಿಂತಿದೆ. 7,550ರ ಚೀಟಿಗಳನ್ನು ಕೇಂದ್ರದವರು ವಾಪಸ್ ಪಡೆದು ಹೊಸದು ಕೊಡುತ್ತಿದ್ದಾರೆ. ಅಕ್ಕಾವರೇ, ಉಪಕಾರವಾಯಿತು.

ಸುರಪುರ_ಸಿಗ್ನಲ್ (ಯಾದಗಿರಿ)

ನನ್ನದೂ ಇದೇ ರೋಗ, ಆಫ್‌ಲೈನ್‌ನಲ್ಲಿ ತೆರೆಯುವುದಿಲ್ಲ. ಆದರೆ 404 ಎಲ್ಲೂ ಇಲ್ಲ, ಸರ್ವಿಸ್ ವರ್ಕರ್ ‘ಆ್ಯಕ್ಟಿವೇಟೆಡ್’ ಎಂದೇ ತೋರಿಸುತ್ತದೆ.

ಬಿದರಿ_ಬಿಟ್ (ಬೀದರ್)

ಸರ್ವಿಸ್ ವರ್ಕರ್ ಫೈಲ್ ಯಾವ ಫೋಲ್ಡರ್‌ನಲ್ಲಿದೆ? ಸ್ಕ್ರಿಪ್ಟ್‌ಗಳ ಫೋಲ್ಡರ್‌ನೊಳಗೆ ಇದ್ದರೆ ಅದರ ವ್ಯಾಪ್ತಿ ಆ ಫೋಲ್ಡರ್‌ಗಷ್ಟೇ, ನಿಮ್ಮ ಮುಖಪುಟ ಅದರ ಹಿಡಿತಕ್ಕೆ ಬರುವುದೇ ಇಲ್ಲ. ಸೈಟಿನ ಮೂಲ ಫೋಲ್ಡರ್‌ಗೆ ಸರಿಸಿ.

ಸುರಪುರ_ಸಿಗ್ನಲ್ (ಯಾದಗಿರಿ)

ಸರಿಸಿದೆ. ತೆರೆಯಿತು.