ಶುಂಠಿ ಬಿಯರ್ ತಳದ ಯೀಸ್ಟ್ ಎತ್ತಿಟ್ಟು ಮತ್ತೆ ಬಳಸೋದು ಹೇಗೆ? (ದಾವಣಗೆರೆ ಸೆಕೆ, ಕರೆಂಟ್ ಕಟ್ ಎಲ್ಲ ಲೆಕ್ಕಕ್ಕೆ ತಗೊಂಡು ಹೇಳಿ)

ಶುಂಠಿಸೋಡಾ_ದಾವಣಗೆರೆ

5 ಲೀಟರ್ ಗಾಜಿನ ಭರಣಿಯಲ್ಲಿ ಶುಂಠಿ ಬಿಯರ್ ಹಾಕ್ತೀನಿ. ಬೆಲ್ಲ 450 ಗ್ರಾಂ, ಹಸಿ ಶುಂಠಿ 150 ಗ್ರಾಂ, ನಾಲ್ಕು ನಿಂಬೆಹಣ್ಣು. ಯೀಸ್ಟ್ ಯುಎಸ್-05 (ಒಣ ಬಿಯರ್ ಯೀಸ್ಟ್), 11.5 ಗ್ರಾಂ ಪ್ಯಾಕೆಟ್. ಇಲ್ಲಿ ಅಂಗಡಿಯಲ್ಲಿ ಸಿಗಲ್ಲ, ಆನ್‌ಲೈನಲ್ಲೇ ತರಿಸಬೇಕು. ಏಪ್ರಿಲ್ ಬಿಸಿಲಲ್ಲಿ ಕೊರಿಯರ್ ಗಾಡಿಯಲ್ಲಿ ಕೂತು ಬಂದ ಯೀಸ್ಟ್ ಎಷ್ಟು ಜೀವಂತ ಇರುತ್ತೋ ಅನ್ನೋ ಅನುಮಾನ ಬೇರೆ.

ಮುಗಿದ ಮೇಲೆ ಭರಣಿ ತಳದಲ್ಲಿ ಒಂದು ಬೆರಳು ದಪ್ಪ ಗಷ್ಟು ನಿಲ್ಲುತ್ತೆ. ಕೆಳಗೆ ಕಂದು ಬಣ್ಣದ ಶುಂಠಿ ನಾರು, ಬೆಲ್ಲದ ಕಸ. ಅದರ ಮೇಲೆ ತೆಳ್ಳಗೆ ಕೆನೆ ಬಣ್ಣದ ಪದರ. ಆ ಮೇಲಿನ ಪದರ ಎತ್ತಿಟ್ಟರೆ ಸಾಕಾ? ಕುದಿಸಿ ಆರಿಸಿದ ನೀರಲ್ಲಿ ತೊಳೀಬೇಕಾ? ಫ್ರಿಜ್‌ನಲ್ಲಿ ಎಷ್ಟು ದಿನ ಇರುತ್ತೆ, ಎಷ್ಟು ಸಲ ಬಳಸಬಹುದು? ಗಷ್ಟು ಸ್ವಲ್ಪ ಕೊಳೆತ ಮೊಟ್ಟೆ ವಾಸನೆ ಬರುತ್ತೆ, ಅದು ಕೆಟ್ಟಿದೆ ಅಂತಾನಾ?

ಗಷ್ಟು_ಗಿರಾಕಿ

ಮೊಟ್ಟೆ ವಾಸನೆ ಅಂದ್ರೆ ಹೈಡ್ರೋಜನ್ ಸಲ್ಫೈಡ್. ಕೆಟ್ಟಿದೆ ಅಂತಲ್ಲ, ಯೀಸ್ಟ್ ಹಸಿದಿದೆ ಅಂತ. ಬೆಲ್ಲದ ನೀರಲ್ಲಿ ಸಕ್ಕರೆ ಬೇಕಾದಷ್ಟಿದೆ, ಯೀಸ್ಟ್ ಮೈ ಕಟ್ಟೋಕೆ ಬೇಕಾದ ಸಾರಜನಕ ಇಲ್ಲ. ಹಂಗೆ ಬೆಳೆದ ಯೀಸ್ಟ್ ಎರಡನೇ ಸಲಕ್ಕೆ ನಿಧಾನ, ಮೂರನೇ ಸಲಕ್ಕೆ ಇನ್ನೂ ನಾರುತ್ತೆ. ಆ ಪದರ ತೊಳೆದರೂ ಅಷ್ಟೇ, ತೊಳೆಯದಿದ್ದರೂ ಅಷ್ಟೇ. ನನ್ನ ಪ್ರಕಾರ ಶುಂಠಿ ಬಿಯರ್ ತಳದಿಂದ ಯೀಸ್ಟ್ ಎತ್ತೋದೇ ಬೇಡ. ಹಾಕೋಕೆ ಮುಂಚೇನೇ ಎತ್ತಿಡಿ.

ಅಂದ್ರೆ: ಮಾಲ್ಟ್ (ಮೊಳಕೆ ಕಾಳಿನ) ನೀರಲ್ಲಿ 1 ಲೀಟರ್ ಸ್ಟಾರ್ಟರ್ (ಭರಣಿಗೆ ಹಾಕೋಕೆ ಮುಂಚೆ ಬೆಳೆಸೋ ಯೀಸ್ಟ್) ಬೆಳೆಸಿ, ಮುಕ್ಕಾಲು ಭಾಗ ಭರಣಿಗೆ, ಕಾಲು ಭಾಗ ಬಾಟಲಿಗೆ. ಮುಂದಿನ ಸಲ ಆ ಕಾಲು ಭಾಗದಿಂದ ಮತ್ತೆ 1 ಲೀಟರ್. ಶುಂಠಿ, ನಿಂಬೆ, ಬೆಲ್ಲದ ಕಸ ಯಾವುದನ್ನೂ ಮುಟ್ಟದ ಯೀಸ್ಟ್ ಯಾವಾಗಲೂ ಕೈಯಲ್ಲಿರುತ್ತೆ.

ಒಣ ಮಾಲ್ಟ್ ಪುಡಿ ಸಿಕ್ಕರೆ ಲೀಟರಿಗೆ 100 ಗ್ರಾಂ, ಮುಗೀತು. ಸಿಗದಿದ್ದರೆ ಮೊಳಕೆ ರಾಗಿ. ಮೊಳಕೆ ಕಟ್ಟಿ ನೆರಳಲ್ಲಿ ಒಣಗಿಸಿ ಬೀಸಿದ ಹಿಟ್ಟು 250 ಗ್ರಾಂ, ನೀರು ಒಂದೂವರೆ ಲೀಟರ್. ಅರ್ಧ ಹಿಟ್ಟನ್ನು ನೀರಿಗೆ ಹಾಕಿ ತೆಳ್ಳಗೆ ಗಂಜಿ ಕಾಯಿಸಿ. ಥರ್ಮಾಮೀಟರ್ 65 ಡಿಗ್ರಿಗೆ ಇಳಿದ ಮೇಲೆ ಉಳಿದ ಹಸಿ ಹಿಟ್ಟು ಕಲಸಿ, ಮುಚ್ಚಿ, ಕಂಬಳಿ ಸುತ್ತಿ ಒಂದು ಗಂಟೆ ಬಿಡಿ. 70 ದಾಟಿದಾಗ ಹಾಕಿದರೆ ಮೊಳಕೆಯ ಕಿಣ್ವ ಬೇಗ ಸಾಯುತ್ತೆ, ಗಂಜಿ ಗಂಜಿಯಾಗೇ ಉಳಿಯುತ್ತೆ. ಸರಿಯಾಗಿ ಆದರೆ ಸೌಟಿಗೆ ಅಂಟುತ್ತಿದ್ದ ಗಂಜಿ ನೀರಾಗಿ ಸಿಹಿಯಾಗುತ್ತೆ. ಒಂದು ಹನಿ ಟಿಂಕ್ಚರ್ ಅಯೋಡಿನ್ ಹಾಕಿ ನೋಡಿ, ಕಡುನೀಲಿಗೆ ತಿರುಗಿದರೆ ಪಿಷ್ಟ ಇನ್ನೂ ಇದೆ, ಅರ್ಧ ಗಂಟೆ ಕಾಯಿರಿ. (ಆ ಹನಿ ಚೆಲ್ಲಿಬಿಡಿ, ಪಾತ್ರೆಗೆ ಸುರೀಬೇಡಿ.) ಬಟ್ಟೆಯಲ್ಲಿ ಸೋಸಿ, ತಿಳಿ ತೆಗೆದು, ಹೈಡ್ರೋಮೀಟರ್‌ನಲ್ಲಿ (ಸಕ್ಕರೆ ಕರಗಿದಷ್ಟೂ ಹೆಚ್ಚು ಅಂಕಿ ತೋರಿಸೋ ಸಾಧನ) 1.035ರಿಂದ 1.040ಕ್ಕೆ ತನ್ನಿ. ಜಾಸ್ತಿ ಇದ್ರೆ ನೀರು, ಕಮ್ಮಿ ಇದ್ರೆ ಕುದಿಸಿ ಇಂಗಿಸಿ.

ಈ ನೀರನ್ನು ಕುಕ್ಕರಲ್ಲೇ ಕಾಯಿಸಿ, ಬಾಟಲಿಯಲ್ಲಿ ಮುಕ್ಕಾಲು ತುಂಬಿ, ಮುಚ್ಚಳ ಸಡಿಲ ಬಿಟ್ಟು, ವೇಟ್ ಬಂದ ಮೇಲೆ 20 ನಿಮಿಷ. ದಾವಣಗೆರೆ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರ, ತೆರೆದ ಪಾತ್ರೆಯಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತೆ. ಬ್ಯಾಕ್ಟೀರಿಯಾದ ಬೀಜಕಗಳಿಗೆ ಅದು ಸಾಲದು. ಬರೀ ಕುದಿಸಿದ ಮಾಲ್ಟ್ ನೀರನ್ನು ಬಾಟಲಿಯಲ್ಲಿ ಮುಚ್ಚಿ ಕಪಾಟಲ್ಲಿ ಇಡಲೇಬೇಡಿ, ಅದರಲ್ಲಿ ಹುಳಿ ಇಲ್ಲ, ಬೊಟುಲಿಸಂಗೆ ಹೇಳಿ ಮಾಡಿಸಿದ ಜಾಗ.

25 ಡಿಗ್ರಿಗೆ ಆರಿದ ಮೇಲೆ 2 ಗ್ರಾಂ ಯೀಸ್ಟ್ ಉದುರಿಸಿ, ಬಾಯಿಗೆ ಫಾಯಿಲ್ ಕಟ್ಟಿ, ಓಡಾಡುವಾಗೆಲ್ಲ ಒಂದು ಸಲ ಕುಲುಕಿ. ಗಾಳಿ ಸಿಕ್ಕಷ್ಟೂ ಮರಿ ಜಾಸ್ತಿ. ಒಂದೂವರೆ ದಿನ ಸಾಕು.

ಉಳಿದ ಪ್ಯಾಕೆಟ್‌ ಬಗ್ಗೆ: ಒಡೆದದ್ದನ್ನು ಬಿಗಿಯಾಗಿ ಮುಚ್ಚಿ 4 ಡಿಗ್ರಿಯಲ್ಲಿಟ್ಟು 7 ದಿನದೊಳಗೆ ಬಳಸಿ ಅಂತಾರೆ ತಯಾರಕರು. 5 ಲೀಟರಿಗೆ 3-4 ಗ್ರಾಂ ಸಾಕು, ಇಡೀ ಪ್ಯಾಕೆಟ್ ಸುರಿಯೋದು ದುಡ್ಡು ದಂಡ.

ಕಾಯ್ದೆ_ಗೊತ್ತಿರಲಿ

ನಡುವೆ ಒಂದು ಮಾತು. 450 ಗ್ರಾಂ ಬೆಲ್ಲ 5 ಲೀಟರಿಗೆ, ಪೂರ್ತಿ ಹುದುಗಿದರೆ 4-5% ಹತ್ತಿರ ಆಲ್ಕೋಹಾಲ್ ಬರುತ್ತೆ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. ಬೆಲ್ಲ ಚೆನ್ನಾಗಿ ಇಳಿಸಿ, ಗುಳ್ಳೆ ಹಿಡಿದ ಕೂಡಲೇ ಫ್ರಿಜ್ಜಿಗೆ ತಳ್ಳಿ, ಸೋಡಾ ಸೋಡಾ ಆಗೇ ಇರಲಿ.

ಗಷ್ಟು_ಗಿರಾಕಿ

ಒಪ್ಪಿದೆ. ಹಂಗೆ ಬೇಗ ನಿಲ್ಲಿಸಿದರೆ ತಳದಲ್ಲಿ ಎತ್ತೋಕೆ ಯೀಸ್ಟೇ ಇರಲ್ಲ, ಅರ್ಧ ಇನ್ನೂ ತೇಲ್ತಿರುತ್ತೆ. ಸ್ಟಾರ್ಟರ್‌ನಿಂದಲೇ ಎತ್ತಿಡಿ ಅನ್ನೋಕೆ ಅದೂ ಒಂದು ಕಾರಣ.

ಕೋಟೆಗಾಳಿ

ಚಿತ್ರದುರ್ಗದಿಂದ. ಮನೆಯಲ್ಲಿ ಬಿಯರ್ ಮಾಡೋಕೆ ಅನುಮತಿ ಇರೋ ದೇಶಗಳಲ್ಲಿರೋ ನಮ್ಮೋರೂ ಇಲ್ಲಿ ಓದ್ತಾರೆ, ಅವರಿಗಾಗಿ ತಳದಿಂದ ಎತ್ತೋ ಕ್ರಮವನ್ನೂ ಬರೀತೀನಿ. ಮಾಲ್ಟ್ ಬಿಯರ್ ತಳದ ಯೀಸ್ಟ್ ತಿಂದುಂಡು ಬೆಳೆದಿರುತ್ತೆ, ಅದನ್ನು ಚೆಲ್ಲಬಾರದು.

ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸಿದ ಮೇಲೆ ಪಾತ್ರೆಯನ್ನು ಎರಡು ದಿನ ತಣ್ಣಗಿಡಿ. ಬಿಯರ್ ಬಗ್ಗಿಸಿ, ತಳದಲ್ಲಿ ಒಂದು ಲೋಟದಷ್ಟು ಬಿಡಿ, ಅದರಲ್ಲೇ ಗಷ್ಟು ಕದಡಿ ಗಾಜಿನ ಜಾರಿಗೆ ಸುರಿಯಿರಿ. 20 ನಿಮಿಷಕ್ಕೆ ಭಾರದ ಕಸ ಕೂರುತ್ತೆ. ಮೇಲಿನ ಹಾಲಿನಂಥದ್ದನ್ನು ಮಾತ್ರ ಇನ್ನೊಂದು ಜಾರಿಗೆ ಬಗ್ಗಿಸಿ. ನೀರಲ್ಲಿ ತೊಳೆಯೋ ಪದ್ಧತಿ ಹಳೇದು, ನಾನು ಬೇಡ ಅಂತೀನಿ. ಬಿಯರ್‌ನ ಪಿಎಚ್ 4ರ ಆಸುಪಾಸು, ಜೊತೆಗೆ ಆಲ್ಕೋಹಾಲ್. ಎರಡೂ ಬ್ಯಾಕ್ಟೀರಿಯಾಗೆ ಆಗಲ್ಲ. ನೀರು ಹಾಕಿ ಆ ಕಾವಲನ್ನ ನಾವೇ ಯಾಕೆ ತೆಗೀಬೇಕು? 8%ಗಿಂತ ಗಟ್ಟಿ ಬಿಯರ್‌ ಆಗಿದ್ರೆ ಮಾತ್ರ ಆ ಯೀಸ್ಟ್ ಸುಸ್ತಾಗಿರುತ್ತೆ, ಬಿಡಿ.

ಅಳತೆ: ಗಟ್ಟಿ ಸ್ಲರಿ (ಹೀಗೆ ಎತ್ತಿಟ್ಟ ಯೀಸ್ಟ್ ಗಷ್ಟು) ಒಂದು ಮಿಲಿಲೀಟರಲ್ಲಿ ಸುಮಾರು 100 ಕೋಟಿ ಕೋಶ ಅಂತ ಹಿಡೀರಿ. ಏಲ್ (ಬೆಚ್ಚಗೆ ಹುದುಗಿಸೋ) ಬಿಯರ್‌ಗೆ ಪ್ರತಿ ಮಿಲಿಲೀಟರಿಗೆ, ಪ್ರತಿ ಡಿಗ್ರಿ ಪ್ಲೇಟೋಗೆ (ನೀರಲ್ಲಿ ಕರಗಿದ ಸಕ್ಕರೆಯ ಶೇಕಡಾವಾರು ಅಳತೆ) 7.5 ಲಕ್ಷ ಕೋಶ ಬೇಕು. 12 ಪ್ಲೇಟೋದ 5 ಲೀಟರಿಗೆ 4,500 ಕೋಟಿ, ಅಂದ್ರೆ 45 ಮಿ.ಲೀ. ತಿಂಗಳು ಹಳೇದಾಗಿದ್ರೆ ಅಳತೆ ನಂಬಬೇಡಿ, ಹೊಸ ಸ್ಟಾರ್ಟರ್ ಮಾಡಿ. ಎರಡು ವಾರದೊಳಗಿನದು ನೇರ ಹಾಕಬಹುದು.

ಇಡೋ ವಿಚಾರದಲ್ಲಿ ನಮ್ಮ ಕಡೆ ತಪ್ಪೋದು ಇಲ್ಲೇ. ಫ್ರಿಜ್ ಬಾಗಿಲಿನ ತಟ್ಟೆ ಬೇಡ, ತೆಗೆದಾಗೆಲ್ಲ ಬಿಸಿಗಾಳಿ ಹೊಡೆಯುತ್ತೆ. ಕೆಳಗಿನ ಹಲಗೆಯ ಹಿಂಭಾಗ ಒಳ್ಳೇದು. ಜಾರನ್ನು ನೀರು ತುಂಬಿದ ಸ್ಟೀಲ್ ಡಬ್ಬಿಯೊಳಗೆ ನಿಲ್ಲಿಸಿ, ಮೂರ್ನಾಲ್ಕು ಗಂಟೆ ಕರೆಂಟ್ ಹೋದರೂ ಯೀಸ್ಟ್‌ಗೆ ಗೊತ್ತಾಗಲ್ಲ. ಮುಚ್ಚಳ ಬಿಗಿ ಮಾಡಿದರೆ ಗಾಜು ಸಿಡಿಯುತ್ತೆ, ಕಾಲು ಸುತ್ತು ಸಡಿಲ ಬಿಡಿ. ಪೆಟ್ ಬಾಟಲಿ ಇನ್ನೂ ವಾಸಿ, ಹಿಸುಕಿ ನೋಡಿದರೆ ಒತ್ತಡ ತಿಳಿಯುತ್ತೆ.

ಸಡಿಲ ಮುಚ್ಚಳದ ಜಾರನ್ನು ಬೆಣ್ಣೆದೋಸೆ ಹಿಟ್ಟಿನ ಪಕ್ಕ ಇಡಬೇಡಿ. ಉಕ್ಕಿದ ಹಿಟ್ಟು, ಮೊಸರು ಎರಡೂ ಲ್ಯಾಕ್ಟಿಕ್ ಬ್ಯಾಕ್ಟೀರಿಯಾದ ಗಣಿ. ದಾವಣಗೆರೆ ಫ್ರಿಜ್‌ನಲ್ಲಿ ಹಿಟ್ಟಿಲ್ಲದ ಹಲಗೆ ಹುಡುಕೋದೇ ಕಷ್ಟ, ಅದು ಬೇರೆ ಮಾತು.

ನಲ್ಲಿ ನೀರಿನ ಕ್ಲೋರಿನ್ ಕುದಿಸಿದರೆ ಹೋಗುತ್ತೆ. ನಮ್ಮ ಜಿಲ್ಲೆಯ ಕೆಲವು ಬೋರ್‌ವೆಲ್ ನೀರಿನ ಫ್ಲೋರೈಡ್ ಕುದಿಸಿದರೆ ಹೋಗಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತೆ. ಆರ್‌ಓ ನೀರು ತಗೊಳ್ಳಿ.

ಮೀಥಿಲೀನ್_ನೀಲಿ

ಎಷ್ಟು ಸಲ ಅನ್ನೋದಕ್ಕೆ: ಮನೆಯಲ್ಲಿ ಐದಾರು ತಲೆಮಾರು, ಆಮೇಲೆ ಹೊಸ ಪ್ಯಾಕೆಟ್. ಯೀಸ್ಟ್ ಮುದಿಯಾಗುತ್ತೆ ಅಂತಲ್ಲ, ಪ್ರತಿ ಸಲ ಮುಚ್ಚಳ ತೆಗೆದಾಗ ಬೇರೆಯವು ಸೇರ್ಕೊಳ್ತವೆ. ಕಾಲೇಜು ಲ್ಯಾಬ್‌ನ ಸೂಕ್ಷ್ಮದರ್ಶಕ ಸಿಕ್ಕರೆ ಒಂದು ಹನಿ ಸ್ಲರಿಗೆ ಒಂದು ಹನಿ ಮೀಥಿಲೀನ್ ಬ್ಲೂ ಹಾಕಿ 400 ಪಟ್ಟಿನಲ್ಲಿ ನೋಡಿ. ಸತ್ತ ಕೋಶ ನೀಲಿಯಾಗುತ್ತೆ, ಬದುಕಿರೋದು ಬಣ್ಣವನ್ನು ಕಳೆದು ಬೆಳ್ಳಗೇ ಇರುತ್ತೆ. ನೂರರಲ್ಲಿ ಹದಿನೈದಕ್ಕಿಂತ ಹೆಚ್ಚು ನೀಲಿ ಕಂಡರೆ ಸ್ಟಾರ್ಟರ್ ಇಲ್ಲದೆ ಬಳಸಬೇಡಿ. ದುಂಡು ಕೋಶಗಳ ನಡುವೆ ಸಣ್ಣ ಕಡ್ಡಿಗಳು ಕಂಡರೆ ಬ್ಯಾಕ್ಟೀರಿಯಾ, ಚೆಲ್ಲಿ.

ಕಣ್ಣು, ಮೂಗಿಗೆ ಸಿಗೋ ಗುರುತುಗಳೂ ಇವೆ. ಮೇಲೆ ಬಿಳಿ ಪೊರೆ, ಮೊಸರಿನ ಹುಳಿ ವಾಸನೆ, ಗುಲಾಬಿ ಬಣ್ಣ: ಕೆಟ್ಟಿದೆ. ಕಂದು ಬಣ್ಣ, ಸೋಯಾ ಸಾಸ್ ವಾಸನೆ: ಯೀಸ್ಟ್ ತನ್ನನ್ನೇ ಜೀರ್ಣಿಸಿಕೊಂಡಿದೆ, ಸೆಕೆಯಲ್ಲಿ ತಳದಲ್ಲಿ ವಾರಗಟ್ಟಲೆ ಬಿಟ್ಟರೆ ಹೀಗಾಗುತ್ತೆ. ಮೋಸದ್ದು ಅಂದ್ರೆ ಕಾಡು ಯೀಸ್ಟ್. ರುಚಿ ಮೊದಮೊದಲು ಬದಲಾಗಲ್ಲ, ಆದರೆ ಅದೇ ಪಾಕ 1.010ಕ್ಕೆ ನಿಲ್ಲುತ್ತಿದ್ದದ್ದು 1.004ಕ್ಕೆ ಇಳಿಯುತ್ತೆ, ಬಾಟಲಿ ಸಿಡಿಯುತ್ತೆ. ಆಮ್ಲದಲ್ಲಿ ತೊಳೆದರೆ ಬ್ಯಾಕ್ಟೀರಿಯಾ ಸಾಯುತ್ತೆ, ಕಾಡು ಯೀಸ್ಟ್ ಸಾಯಲ್ಲ. ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ 1883ರಲ್ಲಿ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ್ದು ಇದೇ ಕಾಟಕ್ಕೆ.

ವರ್ಷಗಟ್ಟಲೆ ಇಡಬೇಕು ಅಂದ್ರೆ ಗ್ಲಿಸರಿನ್. ಮೆಡಿಕಲ್ ಶಾಪಿನ ಶುದ್ಧ ಗ್ಲಿಸರಿನ್ ಮತ್ತು ನೀರು ಸಮಸಮ ಬೆರೆಸಿ ಕುಕ್ಕರಲ್ಲಿ ಕಾಯಿಸಿ, ಆರಿಸಿ. 8 ಮಿ.ಲೀ. ಗಟ್ಟಿ ಸ್ಲರಿಗೆ 4 ಮಿ.ಲೀ. ಇದು, ಫ್ರಿಜ್‌ನಲ್ಲಿ ಒಂದು ದಿನ, ಆಮೇಲೆ ಫ್ರೀಜರ್. ಫ್ರಾಸ್ಟ್-ಫ್ರೀ ಫ್ರೀಜರ್ ಆಗಾಗ ತಾನೇ ಬಿಸಿಯಾಗಿ ಮಂಜು ಕರಗಿಸುತ್ತೆ, ಅದೇ ಯೀಸ್ಟ್ ಕೊಲ್ಲೋದು. ಟ್ಯೂಬುಗಳನ್ನು ಐಸ್ ಪ್ಯಾಕ್ ಜೊತೆ ಥರ್ಮೋಕೋಲ್ ಡಬ್ಬಿಯಲ್ಲಿಡಿ. ತೆಗೆದಾಗ ಮೊದಲು 50 ಮಿ.ಲೀ. ಮಾಲ್ಟ್ ನೀರಲ್ಲಿ ಎಬ್ಬಿಸಿ, ಆಮೇಲೆ 500ಕ್ಕೆ.

ಶುಂಠಿಸೋಡಾ_ದಾವಣಗೆರೆ

ಬಹಳ ಉಪಯೋಗ ಆಯ್ತು. ಇನ್ನೆರಡು: ಸಾರಜನಕಕ್ಕೆ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಹಾಕ್ತಾರಂತೆ, ಗೊಬ್ಬರದಂಗಡಿಯದ್ದು ನಡೆಯುತ್ತಾ? ಬೇಸಿಗೆಯಲ್ಲಿ ಅಡುಗೆಮನೆ 35 ಡಿಗ್ರಿ, ಯುಎಸ್-05 ಅದಕ್ಕೆ ಒಗ್ಗುತ್ತಾ?

ಗಷ್ಟು_ಗಿರಾಕಿ

ಗೊಬ್ಬರದ ಡಿಎಪಿ ಮುಟ್ಟಬೇಡಿ. ಅದು ಹೊಲಕ್ಕೆ, ಭಾರಲೋಹ ಏನೇನಿರುತ್ತೋ ಪರೀಕ್ಷೆ ಮಾಡಿ ಕೊಡಲ್ಲ. ಬೇಕರಿ ಯೀಸ್ಟ್ ಅರ್ಧ ಚಮಚ ನೀರಲ್ಲಿ ಹತ್ತು ನಿಮಿಷ ಕುದಿಸಿ ಭರಣಿಗೆ ಹಾಕಿ. ಸತ್ತ ಯೀಸ್ಟೇ ಬದುಕಿರೋದಕ್ಕೆ ಊಟ.

ಯುಎಸ್-05 26 ಡಿಗ್ರಿವರೆಗೆ. 35ಕ್ಕೆ ಸ್ಪಿರಿಟ್ ಥರ ಮೂಗಿಗೆ ಹೊಡೆಯುತ್ತೆ. ಮಾರ್ಚಿಂದ ಮೇವರೆಗೆ ವಾಸ್ ಕ್ವೇಕ್ ತರಿಸಿ, ನಾರ್ವೆಯ ಹಳ್ಳಿ ಯೀಸ್ಟ್, 35-40ರಲ್ಲೇ ಅದಕ್ಕೆ ಖುಷಿ. ಊಟ ಮಾತ್ರ ಜಾಸ್ತಿ ಕೇಳುತ್ತೆ. ಅಲ್ಲಿನ ರೈತರು ಇಂಥ ಯೀಸ್ಟನ್ನು ಒಣಗಿಸಿಯೂ ಇಡುತ್ತಿದ್ದರು. ನಾವು ಮಾಡೋದಾದ್ರೆ: ಗಟ್ಟಿ ಸ್ಲರಿಯನ್ನು ಬೇಕಿಂಗ್ ಪೇಪರ್ ಮೇಲೆ ತೆಳ್ಳಗೆ ಸವರಿ, ಮೇಲೆ ಮಸ್ಲಿನ್ ಬಟ್ಟೆ ಕಟ್ಟಿ, ಫ್ಯಾನ್ ಕೆಳಗೆ ಒಂದೆರಡು ದಿನ. ನೇರ ಬಿಸಿಲು ಬೇಡ. ಚಕ್ಕೆ ಬಗ್ಗದೆ ಪಟ್ಟನೆ ಮುರಿದರೆ ಒಣಗಿದೆ, ಜಿಪ್ ಕವರಲ್ಲಿ ಫ್ರೀಜರಿಗೆ. ಮಳೆಗಾಲದಲ್ಲಿ ಇದು ಕೈಕೊಡುತ್ತೆ, ಒಣಗೋಕೆ ಮುಂಚೆ ಬೂಸ್ಟು ಹಿಡಿಯುತ್ತೆ.

ಒಂದು ಬಿಟ್ಟಿದ್ದೆ: ಅಂಗಡಿಯ "ರಾಗಿ ಮಾಲ್ಟ್" ಡಬ್ಬಿ ತರಬೇಡಿ. ಹೆಚ್ಚಿನವು ಹುರಿದ ಹಿಟ್ಟು, ಮೇಲೆ ಹಾಲಿನ ಪುಡಿ, ಏಲಕ್ಕಿ. ಹುರಿದ ಮೇಲೆ ಕಿಣ್ವ ಇರಲ್ಲ.